ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಲೆಕ್ಕ ಹಾಕುವ ಬಗೆ

ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ವಿಮಾನದ ದಾರಿಯನ್ನು ಅಳೆಯಲು ಹೊರಟರೆ ಉತ್ತರ ತಪ್ಪುತ್ತದೆ. ಗುಂಡಗಿನ ಭೂಮಿಯನ್ನು ಹಾಳೆಗೆ ಇಳಿಸುವಾಗ ಧ್ರುವಗಳತ್ತಲಿನ ನೆಲವೆಲ್ಲ ಹಿಗ್ಗಿರುತ್ತದೆ. ಮನೆಯಲ್ಲಿ ಗ್ಲೋಬ್ ಇದ್ದರೆ ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋವರೆಗೆ ಬಿಗಿಯಾಗಿ ಎಳೆಯಿರಿ. ದಾರವು ಪೆಸಿಫಿಕ್ ಸಾಗರದ ನಡುವೆ ಹಾಯದೆ, ಹಿಮಾಲಯ ಮತ್ತು ಸೈಬೀರಿಯಾಗಳನ್ನು ದಾಟಿ ಅಲಾಸ್ಕಾದ ಮೇಲಿಂದ ಇಳಿಯುತ್ತದೆ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ಒಂದು ಸೆಂಟಿಮೀಟರು ಸುಮಾರು 425 ಕಿ.ಮೀ.ಗೆ ಸಮ. ದಾರ ಸಡಿಲವಾಗಿರದಿದ್ದರೆ ಅಳತೆ 33 ಸೆಂ.ಮೀ.ಗೆ ಹತ್ತಿರ ಬರುತ್ತದೆ, ಅಂದರೆ ಸುಮಾರು 14,000 ಕಿ.ಮೀ.

ಇನ್ನೂ ನಿಖರವಾದ ಅಂಕಿ ಬೇಕಿದ್ದರೆ ಹೈಸ್ಕೂಲಿನ ತ್ರಿಕೋನಮಿತಿಯೇ ಸಾಕು. ದೇವನಹಳ್ಳಿಯ ವಿಮಾನ ನಿಲ್ದಾಣ 13.20 ಡಿಗ್ರಿ ಉತ್ತರ ಅಕ್ಷಾಂಶ, 77.71 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ್ದು 37.62 ಉತ್ತರ, 122.38 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಿಸಿ, 200.09 ಬರುತ್ತದೆ. ಅದು 180ನ್ನು ಮೀರಿರುವುದರಿಂದ 360ರಿಂದ ಕಳೆದು 159.91 ಎಂದು ಇಟ್ಟುಕೊಳ್ಳಿ. ಈಗ ಎರಡೂ ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನು 159.91ರ ಕೊಸೈನ್‌ನೊಂದಿಗೆ ಗುಣಿಸಿ ಬಂದದ್ದನ್ನು ಸೇರಿಸಿದರೆ ಸುಮಾರು −0.585 ಸಿಗುತ್ತದೆ. ಅದರ ವಿಲೋಮ ಕೊಸೈನ್ 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.19 ಕಿ.ಮೀ. ಹಿಡಿದರೆ ದೂರ ಸುಮಾರು 13,990 ಕಿ.ಮೀ.

ಬಹಳ ಮಂದಿ ಎಡವುವುದು ಪೂರ್ವ–ಪಶ್ಚಿಮದಲ್ಲಿಯೇ. ಕೂಡಿಸುವ ಬದಲು ಕಳೆದರೆ ಉತ್ತರ 5,200 ಕಿ.ಮೀ.ಗೂ ಕಡಿಮೆ ಬರುತ್ತದೆ. ಆಗ ನೀವು ಅಳೆದದ್ದು ಕ್ಯಾಲಿಫೋರ್ನಿಯಾಕ್ಕಲ್ಲ, ಚೀನಾದ ಶಾನ್‌ಡಾಂಗ್ ಕರಾವಳಿಯಾಚೆಯ ಹಳದಿ ಸಮುದ್ರಕ್ಕೆ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆಯೇ ಡಿಗ್ರಿಯಲ್ಲಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಹೀಗೆ ಸಿಕ್ಕಿದ್ದು ಕನಿಷ್ಠ ದೂರ. ವಿಮಾನ ಹಾರುವುದು ಇದಕ್ಕಿಂತ ಹೆಚ್ಚು. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಕ್ಯಾಬಿನ್ನಿನ ಗಾಳಿಯೊತ್ತಡ ಕುಸಿದರೆ, ಪ್ರಯಾಣಿಕರು ಸಲೀಸಾಗಿ ಉಸಿರಾಡುವಷ್ಟು ಕೆಳಕ್ಕೆ ಇಳಿಯಲು ನೆಲವೇ ಅಡ್ಡ ಬರುತ್ತದೆಯಾದ್ದರಿಂದ ಅದನ್ನು ಬಳಸಿಕೊಂಡು ಹೋಗುವುದೇ ವಾಡಿಕೆ. ಗಾಳಿಯೂ ಲೆಕ್ಕಕ್ಕೆ ಬರುತ್ತದೆ: ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಬೆನ್ನಿಗಿದ್ದರೆ ಸುತ್ತುದಾರಿಯೂ ಬೇಗ ಮುಗಿಯುತ್ತದೆ, ಎದುರಾದರೆ ನೇರದಾರಿಯೂ ದುಬಾರಿಯಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನವು ಉತ್ತರ ಧ್ರುವದ ಮೇಲೆ ಹಾದು ಬಂದಿತು. ಧ್ರುವದ ಮೂಲಕದ ದೂರವನ್ನು ಅಳೆಯಲು ಸೈನ್ ಕೂಡ ಬೇಡ. ಎರಡೂ ಅಕ್ಷಾಂಶಗಳನ್ನು 90ರಿಂದ ಕಳೆದು ಕೂಡಿಸಿದರೆ 129.18 ಡಿಗ್ರಿ, ಅಂದರೆ ಸುಮಾರು 14,360 ಕಿ.ಮೀ. ನೇರದಾರಿಗಿಂತ ಹೆಚ್ಚಾದದ್ದು 380 ಕಿ.ಮೀ.ಗೂ ಕಡಿಮೆ, ವಿಮಾನದ ವೇಗದಲ್ಲಿ ಅದು ಅರ್ಧ ಗಂಟೆಯೂ ಅಲ್ಲ.