ನಮ್ಮ ಎಂಟು ಜನರ ದೋಣಿಗೆ ಹುಟ್ಟು ಆರಿಸಿದ್ದು ಹೀಗೆ

ಹೊಸ ಹುಟ್ಟು ತಗೋಬೇಕು ಅಂದ ಕೂಡಲೇ ತಂಡದಲ್ಲಿ ಶುರುವಾಗೋದು ಬ್ರ್ಯಾಂಡ್ ಮಾತು. ಕಳೆದ ಸೀಸನ್‌ನಲ್ಲಿ ಗೆದ್ದವರ ಕೈಯಲ್ಲಿ ಯಾವುದಿತ್ತು, ಪಕ್ಕದ ತಂಡದವರು ಯಾವುದು ತರಿಸಿದರು, ಬರೀ ಇದೇ. ನಾನು ಎಂಟು ಜನರ ಸ್ವೀಪ್ ತಂಡಕ್ಕೆ ಕೋಚ್. ಸ್ವೀಪ್ ಅಂದರೆ ಒಬ್ಬೊಬ್ಬರೂ ಎರಡೂ ಕೈಯಲ್ಲಿ ಒಂದೇ ಹುಟ್ಟು ಹಿಡಿಯುವ ರೋಯಿಂಗ್. ದೋಣಿಯ ರಿಗ್ಗಿಂಗ್, ಅಂದರೆ ಅಳತೆ ಹೊಂದಿಸುವ ಕೆಲಸ ಕೂಡ ನಾನೇ ನೋಡಿಕೊಳ್ಳುತ್ತೇನೆ. ಈ ಸಲ ಆ ಮಾತನ್ನೆಲ್ಲ ಬದಿಗಿಟ್ಟು ಒಂದೇ ಪ್ರಶ್ನೆ ಇಟ್ಟುಕೊಂಡೆ. 2000 ಮೀಟರ್ ರೇಸಿನ ಕೊನೆಯ 500 ಮೀಟರ್‌ನಲ್ಲಿ ತೊಡೆ ಉರಿಯುತ್ತಿರುತ್ತದೆ, ಬೆರಳು ಮರಗಟ್ಟಿರುತ್ತದೆ. ಆ ಹೊತ್ತಿನಲ್ಲಿ ಈ ಹುಟ್ಟನ್ನು ಎಂಟೂ ಜನ ಒಟ್ಟಿಗೆ ನೀರಿಗಿಳಿಸಿ ಒಟ್ಟಿಗೆ ತೆಗೆಯುತ್ತಾರಾ?

ಮೊದಲ ಹತ್ತು ಸ್ಟ್ರೋಕ್‌ನಲ್ಲಿ ಯಾವ ಹುಟ್ಟೂ ಚೆನ್ನಾಗಿಯೇ ಅನ್ನಿಸುತ್ತದೆ. ಉದ್ದದ, ಗಟ್ಟಿ ಹುಟ್ಟಂತೂ ಇನ್ನೂ ಚೆನ್ನಾಗಿ ಅನ್ನಿಸುತ್ತದೆ, ಯಾಕಂದ್ರೆ ಎಳೆದಿದ್ದಕ್ಕೆಲ್ಲ ದೋಣಿ ಮುಂದೆ ಚಿಮ್ಮುತ್ತದೆ. ಆ ಖುಷಿಯಲ್ಲಿ ತೀರ್ಮಾನ ಮಾಡಬಾರದು.

ಎಂಟರ ದೋಣಿಯ ಸ್ವೀಪ್ ಹುಟ್ಟಿನಲ್ಲಿ ನಾನು ಜೊತೆಯಾಗಿ ನೋಡುವ ಅಳತೆ ಮೂರು. ಹಿಡಿಯ ತುದಿಯಿಂದ ಬ್ಲೇಡಿನ (ನೀರಿಗಿಳಿಯುವ ಅಗಲದ ಭಾಗ) ತುದಿವರೆಗಿನ ಒಟ್ಟು ಉದ್ದ. ಹಿಡಿಯ ತುದಿಯಿಂದ ಕಾಲರ್‌ನ (ಹುಟ್ಟು ಹೊರಗೆ ಜಾರದಂತೆ ತಡೆಯುವ ಉಂಗುರ) ಮುಖದವರೆಗಿನ ಇನ್‌ಬೋರ್ಡ್. ಮೂರನೆಯದು ದೋಣಿಯದು: ದೋಣಿಯ ನಡುಗೆರೆಯಿಂದ, ಹುಟ್ಟನ್ನು ಹಿಡಿದಿಡುವ ಓರ್‌ಲಾಕ್ ಕೊಂಡಿಯ ಪಿನ್‌ವರೆಗಿನ ಸ್ಪ್ರೆಡ್. ನಮ್ಮ ದೋಣಿಯ ಸ್ಪ್ರೆಡ್ 84 ಸೆಂ.ಮೀ. ಸ್ಪ್ರೆಡ್‌ಗೆ 30 ಸೇರಿಸಿದರೆ ಇನ್‌ಬೋರ್ಡ್ ಅನ್ನೋದು ರಿಗ್ಗಿಂಗ್ ಮಾಡುವವರೆಲ್ಲ ಬಳಸುವ ಲೆಕ್ಕ. ಹಾಗಾಗಿ ನಮ್ಮದು 114. ಹಿಡಿ ನಡುಗೆರೆ ದಾಟಿ ಆಚೆ ಬರುವ ಆ 30 ಸೆಂ.ಮೀ. ಇಲ್ಲದಿದ್ದರೆ ಕ್ಯಾಚ್‌ನಲ್ಲಿ, ಅಂದರೆ ಬ್ಲೇಡ್ ನೀರಿಗಿಳಿಯುವ ಕ್ಷಣದಲ್ಲಿ, ಹೊರಗೈ (ಹಿಡಿಯ ತುದಿಯಲ್ಲಿರುವ ಕೈ) ಸರಿಯಾಗಿ ಚಾಚಿಕೊಳ್ಳುವುದಿಲ್ಲ.

372 ಸೆಂ.ಮೀ. ಹುಟ್ಟು ತಗೊಂಡರೆ, 114 ಕಳೆದು ಹೊರಗೆ ಉಳಿಯುವುದು 258. ಇದನ್ನು 84ರಿಂದ ಭಾಗಿಸಿದರೆ 3.07 ಬರುತ್ತದೆ. ಈ ಸಂಖ್ಯೆ ಏರಿದಷ್ಟೂ ಗೇರ್ ಭಾರ, ಅಂದರೆ ಎಳೆಯಲು ಹೆಚ್ಚು ಬಲ ಬೇಕು. ಹುಟ್ಟನ್ನು 1 ಸೆಂ.ಮೀ. ಗಿಡ್ಡ ಮಾಡಿದರೆ 3.06. ಅದರ ಬದಲು ಸ್ಪ್ರೆಡ್ಡನ್ನು 1 ಸೆಂ.ಮೀ. ಅಗಲ ಮಾಡಿ ಹೊರಗಿನ ಉದ್ದ ಅಷ್ಟೇ ಬಿಟ್ಟರೆ 3.04ರ ಹತ್ತಿರ ಬರುತ್ತದೆ. ಅಂದರೆ ಭಾರ ಇಳಿಸೋಕೆ ಸ್ಪ್ರೆಡ್‌ನ ಒಂದು ಸೆಂಟಿಮೀಟರ್ ಹುಟ್ಟಿನ ಉದ್ದದ ಮೂರು ಸೆಂಟಿಮೀಟರ್‌ಗೆ ಸಮ. ಹುಟ್ಟು ಭಾರ ಆಯ್ತು ಅಂತ ಗೊಣಗುವವರು ಮೊದಲು ತಮ್ಮ ಸ್ಪ್ರೆಡ್ ಅಳೆಯಲಿ ಅಂತ ನಾನು ಹೇಳುವುದು ಇದಕ್ಕೇ. ಎಷ್ಟೋ ದೋಣಿಗಳಲ್ಲಿ ನಾಲ್ಕನೇ ಸೀಟಿನದು ಒಂದು ಅಳತೆ, ಐದನೇ ಸೀಟಿನದು ಇನ್ನೊಂದು ಇರುತ್ತದೆ, ಯಾರೂ ನೋಡಿರುವುದಿಲ್ಲ. ದೋಣಿ ಸರಿ ಮಾಡದೆ ಹುಟ್ಟು ಆರಿಸುವುದು ಸುಮ್ನೆ ವ್ಯರ್ಥ.

ಎಂಟರ ದೋಣಿಗೆ ಸರಿಹೋದ ಅಳತೆ ಇಬ್ಬರ ದೋಣಿಗೆ ಆಗುವುದಿಲ್ಲ. 2017ರಲ್ಲಿ ಜರ್ಮನಿಯ ಎಂಟರ ತಂಡ 2000 ಮೀಟರನ್ನು 5 ನಿಮಿಷ 18.68 ಸೆಕೆಂಡಿನಲ್ಲಿ ಮುಗಿಸಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಎರಿಕ್ ಮರ್ರೆ, ಹಾಮಿಶ್ ಬಾಂಡ್ ಜೋಡಿಗೆ ಅದೇ ದೂರಕ್ಕೆ 6 ನಿಮಿಷ 8.50 ಸೆಕೆಂಡ್ ಬೇಕಾಯಿತು. ಅದೂ ಆ ಜೋಡಿಯಂಥವರಿಗೆ! ದೋಣಿ ನಿಧಾನವಾದಷ್ಟೂ ಬ್ಲೇಡ್ ನೀರಲ್ಲಿ ಭಾರ ಅನ್ನಿಸುತ್ತದೆ. ಅದಕ್ಕೇ ಇಬ್ಬರ ದೋಣಿಯಲ್ಲಿ ಸ್ಪ್ರೆಡ್ 86 ಅಥವಾ 87, ಇನ್‌ಬೋರ್ಡ್ 116, 117 ಹೀಗೆ ಇಡುತ್ತಾರೆ. ಒಂದೇ ಸೆಟ್ಟನ್ನು ಎರಡೂ ದೋಣಿಗೆ ಬಳಸುವುದಾದರೆ ಹಿಡಿಯನ್ನು ಹೊರಗೆಳೆದು ಉದ್ದ ಹೊಂದಿಸುವಂಥ ಹುಟ್ಟು ಬೇಕೇ ಬೇಕು. ನಾನು ಅಂಥದ್ದನ್ನೇ ತರಿಸಿದೆ.

ಬ್ಲೇಡಿನ ವಿಷಯಕ್ಕೆ ಬರುತ್ತೇನೆ. ಹಿಂದೆ ಎರಡೂ ಅಂಚು ಒಂದೇ ಥರ ಬಾಗಿದ ಮಕಾನ್ ಬ್ಲೇಡ್ ಇತ್ತು. ಫ್ರಾನ್ಸಿನ ಮಕಾನ್‌ನಲ್ಲಿ ನಡೆದ 1959ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಿಂದ ಅದಕ್ಕೆ ಆ ಹೆಸರು ಬಂತು. ಕಾನ್ಸೆಪ್ಟ್2 ಕಂಪನಿ 1991ರಲ್ಲಿ ಕೊಡಲಿ ಆಕಾರದ ಬ್ಲೇಡ್ ತಂದ ಮೇಲೆ ರೇಸುಗಳಲ್ಲಿ ಮಕಾನ್ ಬೇಗ ಮರೆಯಾಯಿತು. ಮಕಾನ್ ಹುಟ್ಟಿನ ಉದ್ದ 380 ದಾಟುತ್ತಿತ್ತು. ಕೊಡಲಿ ಬ್ಲೇಡ್ ನೀರನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ಜಾರುವುದು ಕಡಿಮೆ. ಹಾಗಾಗಿ ಹುಟ್ಟು ಗಿಡ್ಡವಾಯಿತು. ಈಗಿನ ಬ್ಲೇಡುಗಳ ನಡುವೆಯೂ ಇದೇ ಲೆಕ್ಕ: ಬ್ಲೇಡ್ ಅಗಲವಾದಷ್ಟೂ ಉದ್ದ ಇಳಿಸಬೇಕು. ಅಗಲದ ಬ್ಲೇಡ್ ತಂದು ಹಳೇ ಉದ್ದವನ್ನೇ ಇಟ್ಟುಕೊಂಡರೆ ಮೂರನೇ 500 ಮೀಟರ್‌ನಲ್ಲೇ ಸ್ಟ್ರೋಕ್ ರೇಟ್ (ನಿಮಿಷಕ್ಕೆ ಎಷ್ಟು ಸಲ ಎಳೆಯುತ್ತಾರೆ ಅನ್ನುವ ಲೆಕ್ಕ) ಕುಸಿಯುತ್ತದೆ.

ನಮ್ಮ ಹುಡುಗರು ಕ್ಯಾಚ್‌ನಲ್ಲಿ ಚುರುಕು, ಆದರೆ ಎದುರು ಗಾಳಿಯಲ್ಲಿ ಬ್ಲೇಡನ್ನು ಸ್ವಲ್ಪ ಆಳಕ್ಕೆ ಬಿಡುತ್ತಾರೆ. ಅಗಲದ ಬ್ಲೇಡ್ ಆಳಕ್ಕೆ ಹೋದರೆ ಹೊರಗೆ ತೆಗೆಯುವುದೇ ಕಷ್ಟ. ಅದಕ್ಕೆ ಮಧ್ಯಮ ಅಗಲದ, ಮುಖದ ಮೇಲೆ ಏಣು ಇಲ್ಲದ ನಯವಾದ ಬ್ಲೇಡ್ ಸಾಕು ಅಂದುಕೊಂಡೆ.

ನನ್ನ ಪ್ರಕಾರ ಜಾಸ್ತಿ ಯೋಚಿಸಬೇಕಾದದ್ದು ಶಾಫ್ಟಿನ, ಅಂದರೆ ಹುಟ್ಟಿನ ಕೋಲಿನ, ಬಿಗಿತದ ಬಗ್ಗೆ. ಇದು ಕಣ್ಣಿಗೆ ಕಾಣುವುದಿಲ್ಲ, ಸ್ಟಿಕ್ಕರ್ ನಂಬಬೇಕಾಗುತ್ತದೆ. ನಾನು ನಂಬುವುದಿಲ್ಲ. ಹುಟ್ಟಿನ ಹಿಡಿ ಮತ್ತು ಸ್ಲೀವ್ (ಓರ್‌ಲಾಕ್‌ನಲ್ಲಿ ಕೂರುವ ಕವಚ) ಎರಡು ಕಡೆ ಅಲುಗದಂತೆ ಸಿಕ್ಕಿಸುತ್ತೇನೆ. ಬ್ಲೇಡ್ ಶುರುವಾಗುವ ಜಾಗದಲ್ಲಿ, ಎಲ್ಲ ಹುಟ್ಟಿಗೂ ಒಂದೇ ಗುರುತಿನಲ್ಲಿ, 10 ಕೆಜಿ ತೂಕ ನೇತು ಹಾಕಿ ಎಷ್ಟು ಬಾಗಿತು ಅಂತ ಟೇಪಿನಲ್ಲಿ ಅಳೆಯುತ್ತೇನೆ. ಇದರಲ್ಲಿ ನಾನು ನೋಡುವುದು ಎಂಟೂ ಹುಟ್ಟು ಒಂದೇ ಥರ ಬಾಗುತ್ತವಾ ಅನ್ನುವುದನ್ನು. ದೋಣಿಯ ಒಂದು ಬದಿಯ, ಅಂದರೆ ಸ್ಟ್ರೋಕ್ ಸೈಡಿನ ನಾಲ್ಕು ಮೆತ್ತಗಿದ್ದು ಇನ್ನೊಂದು ಬದಿಯ, ಅಂದರೆ ಬೋ ಸೈಡಿನ ನಾಲ್ಕು ಗಟ್ಟಿ ಇದ್ದರೆ ಕ್ಯಾಚ್‌ನಲ್ಲಿ ದೋಣಿ ಒಂದು ಕಡೆ ಎಳೆಯುತ್ತದೆ. ಪಾಪ, ಕಾಕ್ಸ್ ಇಡೀ ರೇಸು ಚುಕ್ಕಾಣಿ ತಿದ್ದುತ್ತಲೇ ಇರಬೇಕಾಗುತ್ತದೆ. ಚುಕ್ಕಾಣಿ ತಿರುಗಿಸಿದಾಗಲೆಲ್ಲ ವೇಗ ಹೋಗುತ್ತದೆ.

ಗಟ್ಟಿ ಶಾಫ್ಟ್ ಕ್ಯಾಚ್‌ನ ಹೊಡೆತವನ್ನು ನೇರ ಸೊಂಟಕ್ಕೆ ತಲುಪಿಸುತ್ತದೆ. ತೂಕ, ಬಲ, ಅನುಭವ ಮೂರೂ ಇರುವ ತಂಡಕ್ಕೆ ಅದು ಸರಿ. ನಮ್ಮ ತಂಡದಲ್ಲಿ ದೋಣಿಯ ಮೂತಿಯ ಹತ್ತಿರದ ಬೋ ಸೀಟಿನವನಿಗೂ ಐದನೇ ಸೀಟಿನವನಿಗೂ ತೂಕದಲ್ಲಿ ತುಂಬಾ ವ್ಯತ್ಯಾಸ. ಹಗುರ ಇರುವವನಿಗೆ ಗಟ್ಟಿ ಹುಟ್ಟು ಕೊಟ್ಟರೆ ಅವನ ಬೆನ್ನು ನೋಯುವುದು ಮೊದಲು, ಲಯ ತಪ್ಪುವುದು ಆಮೇಲೆ. ಮಧ್ಯಮ ಬಿಗಿತ ಆರಿಸಿದ್ದಕ್ಕೆ ಇದೇ ಕಾರಣ. ಬಲ ಇರುವವರು ಸ್ವಲ್ಪ ಬೇಜಾರು ಮಾಡಿಕೊಂಡರು. ಆದರೆ ಹುಟ್ಟು ಆರಿಸಬೇಕಾದದ್ದು ಇಡೀ ತಂಡಕ್ಕೆ ಅಲ್ವಾ?

ಇಷ್ಟಾದ ಮೇಲೂ ನೀರಿಗಿಳಿಯದೆ ತೀರ್ಮಾನ ಆಗುವುದಿಲ್ಲ. ಎರಡು ಸೆಟ್ ಎರವಲು ತಂದೆವು. ಉದ್ದ, ಇನ್‌ಬೋರ್ಡ್ ಎಲ್ಲವನ್ನೂ ನಾನೇ ಅಳೆದು ಹೊಂದಿಸಿದೆ. ಒಂದೇ ಬೆಳಿಗ್ಗೆ, ಒಂದೇ ನೀರಿನಲ್ಲಿ, ಹೋಗುತ್ತಾ 500 ಮೀಟರ್, ಬರುತ್ತಾ 500 ಮೀಟರ್, ಎರಡು ದಿಕ್ಕಿಗೂ. ಒಂದೇ ದಿಕ್ಕಿನಲ್ಲಿ ನೋಡಿದರೆ ಗಾಳಿಯ ವೇಗವನ್ನು ಹುಟ್ಟಿನ ವೇಗ ಅಂತ ತಿಳಿದುಬಿಡುತ್ತೇವೆ. ರೇಟ್ ಮೊದಲು 28, ಆಮೇಲೆ 36. ಮೊದಲ ಸೆಟ್, ಎರಡನೇ ಸೆಟ್, ಮತ್ತೆ ಮೊದಲನೆಯದು, ಈ ಕ್ರಮದಲ್ಲಿ. ಕೊನೆಗೆ ಮೊದಲನೆಯದಕ್ಕೆ ವಾಪಸ್ ಬರುವುದು ಮುಖ್ಯ. ಇಲ್ಲದಿದ್ದರೆ ಎರಡನೇ ಸೆಟ್ ನಿಧಾನವಾದದ್ದು ಹುಟ್ಟಿನಿಂದಲೋ ಸುಸ್ತಿನಿಂದಲೋ ಗೊತ್ತಾಗುವುದಿಲ್ಲ.

ನಾನು ಪಕ್ಕದ ಲಾಂಚ್‌ನಲ್ಲಿ ಕೂತು ಸುಳಿಗಳನ್ನು ನೋಡುತ್ತಿದ್ದೆ. ಬ್ಲೇಡ್ ನೀರು ಬಿಟ್ಟ ಜಾಗದಲ್ಲಿ ಒಂದು ಸುಳಿ ಉಳಿಯುತ್ತದೆ. ಸರಿಯಾದ ಗೇರ್ ಇದ್ದಾಗ ಅದು ಗುಂಡಗೆ, ಆಳವಾಗಿ, ನೊರೆ ಕಡಿಮೆ ಇರುತ್ತದೆ. ಎರಡನೇ ಸೆಟ್‌ನಲ್ಲಿ, 36ರ ರೇಟಿನಲ್ಲಿ, ಬೋ ಸೀಟಿನವನ ಸುಳಿ ಉದ್ದಕ್ಕೆ ಎಳೆದಂತೆ, ಬಿಳಿ ನೊರೆ ತುಂಬಿಕೊಂಡು ಬರುತ್ತಿತ್ತು. ಪ್ರತಿ ಎಳೆತದ ಕೊನೆವರೆಗೆ ಬ್ಲೇಡನ್ನು ನೀರಲ್ಲಿ ಮುಳುಗಿಸಿಟ್ಟುಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ. ಆಗಲೂ ದೋಣಿಯ ವೇಗ ಮೊದಲ ಸೆಟ್‌ನಷ್ಟೇ ಇತ್ತು! ಬರೀ ವೇಗ ನೋಡಿದ್ದರೆ ಎರಡೂ ಸಮ ಅಂತ ಬರೆದುಕೊಳ್ಳುತ್ತಿದ್ದೆ. ಉಳಿದ ಏಳು ಜನ ಅವನ ಕೊರತೆ ತುಂಬುತ್ತಿದ್ದರು. 500 ಮೀಟರ್‌ಗೆ ಅದು ನಡೆಯುತ್ತದೆ, 2000 ಮೀಟರ್‌ಗೆ ನಡೆಯುವುದಿಲ್ಲ. ಕಿವಿಗೂ ವ್ಯತ್ಯಾಸ ತಿಳಿಯುತ್ತಿತ್ತು. ಮೊದಲ ಸೆಟ್‌ನಲ್ಲಿ ಎಂಟು ಓರ್‌ಲಾಕ್ ಸೇರಿ ಒಂದೇ ಸಲ ಟಪ್ ಅನ್ನುತ್ತಿದ್ದವು. ಎರಡನೆಯದರಲ್ಲಿ ಆ ಸದ್ದು ಒಡೆದಿತ್ತು.

ಮೊದಲ ಸೆಟ್ 370, ಎರಡನೆಯದು 373. ಇನ್‌ಬೋರ್ಡ್ ಎರಡಕ್ಕೂ 114. ನಾವು 370 ಇಟ್ಟುಕೊಂಡೆವು.

ಎಂಟು ಜನಕ್ಕೂ ಒಂದೇ ಉದ್ದ ಕೊಟ್ಟಿದ್ದೇನೆ. ಸೀಟಿಗೊಂದು ಉದ್ದ ಇಡುವ ಕೋಚ್‌ಗಳೂ ಇದ್ದಾರೆ. ನನಗದು ಇಷ್ಟವಿಲ್ಲ, ಯಾಕಂದ್ರೆ ತಂಡದಲ್ಲಿ ಒಬ್ಬ ಬದಲಾದರೂ ಎಲ್ಲ ಅಳತೆ ಮತ್ತೆ ಮಾಡಬೇಕು. ಎತ್ತರದ ವ್ಯತ್ಯಾಸವನ್ನು ಕಾಲು ಕಟ್ಟುವ ಸ್ಟ್ರೆಚರ್‌ನಲ್ಲಿ, ಓರ್‌ಲಾಕ್‌ನ ಎತ್ತರದಲ್ಲಿ ಸರಿ ಮಾಡುತ್ತೇನೆ. ಹಿಡಿಯ ದಪ್ಪ ಮಾತ್ರ ಅವರವರ ಕೈಗೆ ತಕ್ಕಂತೆ ಇರಬೇಕು. ಸಣ್ಣ ಕೈಗೆ ದಪ್ಪ ಹಿಡಿ ಕೊಟ್ಟರೆ ಮುಂಗೈ ಬಿಗಿದುಕೊಂಡು ಬ್ಲೇಡ್ ತಿರುಗಿಸುವುದೇ ಕಷ್ಟವಾಗುತ್ತದೆ.

ಬಳಸಿದ ಸೆಟ್ ಕೊಳ್ಳುವವರು ಇನ್ನೊಂದು ಕೆಲಸ ಮಾಡಿ. ಸ್ವೀಪ್ ಬ್ಲೇಡಿನ ಅಂಚು ಕನಿಷ್ಠ 5 ಮಿ.ಮೀ. ದಪ್ಪ ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಡಿಕ್ಕಿಯಾದಾಗ ಯಾರಿಗೂ ಕೊಯ್ಯಬಾರದು ಅಂತ ಇರುವ ನಿಯಮ ಅದು. ದಡಕ್ಕೆ ತಾಗಿ ತಾಗಿ ಅಂಚು ಸವೆದಿರುತ್ತದೆ. ತುದಿಯಿಂದ 3 ಮಿ.ಮೀ. ಒಳಗೆ ಕ್ಯಾಲಿಪರ್ ಇಟ್ಟು ನೋಡಿ. ಸ್ಲೀವ್ ಬಿಗಿಯಾಗಿದೆಯಾ, ಬ್ಲೇಡಿನ ಪಿಚ್ (ಬ್ಲೇಡ್ ವಾಲಿರುವ ಕೋನ) ಎಲ್ಲದಕ್ಕೂ ಒಂದೇ ಇದೆಯಾ ಅಂತ ಡಿಜಿಟಲ್ ಲೆವೆಲ್ ಇಟ್ಟು ನೋಡಿ. ಒಂದು ಹುಟ್ಟಿನ ಸ್ಲೀವ್ ಒಂದು ಡಿಗ್ರಿ ತಿರುಗಿದ್ದರೂ ಆ ಬ್ಲೇಡ್ ಒಂದೋ ಆಳಕ್ಕೆ ಹೋಗುತ್ತದೆ, ಇಲ್ಲ ಮೇಲೆ ತೇಲುತ್ತದೆ. ಬೈಸಿಕೊಳ್ಳುವವನು ಮಾತ್ರ ಅದನ್ನು ಹಿಡಿದವನು.

ಗಾಳಿಯ ದಿನಕ್ಕೆ ಬೇರೆ ಹುಟ್ಟು ಬೇಕಿಲ್ಲ. ಕಾಲರ್‌ಗೆ ಸಿಕ್ಕಿಸುವ ಕ್ಲ್ಯಾಮ್ ಅನ್ನೋ ಪ್ಲಾಸ್ಟಿಕ್ ತುಂಡು ಒಂದು ಸೆಂಟಿಮೀಟರ್ ಇನ್‌ಬೋರ್ಡ್ ಕೂಡಿಸುತ್ತದೆ, ಹೊರಗಿನ ಉದ್ದ ಅಷ್ಟೇ ಕಳೆಯುತ್ತದೆ. ಎದುರು ಗಾಳಿ ಜೋರಾಗಿದ್ದರೆ ಸ್ಟಾರ್ಟ್‌ಗೆ ಹೋಗುವ ಮೊದಲು ಎಂಟಕ್ಕೂ ಒಂದೊಂದು ಹಾಕಿಸುತ್ತೇನೆ. ಒಬ್ಬರು ಇಬ್ಬರು ಹಾಕಿಕೊಂಡು ಉಳಿದವರು ಬಿಡುವಂತಿಲ್ಲ. ಜೊತೆಗೆ ಎರಡು ಹೆಚ್ಚುವರಿ ಹುಟ್ಟು ಯಾವಾಗಲೂ ಟ್ರೇಲರ್‌ನಲ್ಲಿ ಇರುತ್ತವೆ. ಬೋ ಸೈಡಿಗೊಂದು, ಸ್ಟ್ರೋಕ್ ಸೈಡಿಗೊಂದು, ಯಾಕಂದ್ರೆ ಕೊಡಲಿ ಬ್ಲೇಡ್ ಒಂದು ಸೈಡಿನದು ಇನ್ನೊಂದಕ್ಕೆ ಆಗುವುದಿಲ್ಲ. ಅವನ್ನೂ 370ಕ್ಕೆ, 114ಕ್ಕೆ ಹೊಂದಿಸಿ, ಅಳತೆಯನ್ನು ಶಾಫ್ಟಿನ ಮೇಲೆ ಟೇಪ್ ಅಂಟಿಸಿ ಬರೆದಿಟ್ಟಿದ್ದೇನೆ.