ಇರುವ ಟೇಬಲ್ ಪಟ್ಟಿಯಲ್ಲಿ ಕಾಣದಿದ್ದರೆ ಹುಡುಕುವುದು ಹೇಗೆ?

ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಬಳಸಲು ತೊಡಗಿದವರನ್ನು ಬೇಗನೆ ಗಾಬರಿಗೊಳಿಸುವ ಸಂಗತಿಯೊಂದಿದೆ. ಅದಕ್ಕೆ ಕಮಾಂಡ್‌ಗಳನ್ನು ಟೈಪಿಸಿ ಕೊಡುವ ಪಿಎಸ್‌ಕ್ಯೂಎಲ್ ಎಂಬ ಪ್ರೋಗ್ರಾಂನಲ್ಲಿ ಬ್ಯಾಕ್‌ಸ್ಲ್ಯಾಷ್ ಹಾಕಿ ‘ಡಿಟಿ’ ಎಂದು ಟೈಪಿಸಿದಾಗ, ನಿನ್ನೆಯಷ್ಟೇ ರಚಿಸಿದ ಟೇಬಲ್ ಪಟ್ಟಿಯಲ್ಲಿ ಇರುವುದಿಲ್ಲ. ಅದು ಅಳಿಸಿಹೋಗಿದೆ ಎಂದುಕೊಂಡು ಬ್ಯಾಕಪ್‌ಗೆ ಕೈಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ. ಈ ಕಮಾಂಡ್ ಡೇಟಾಬೇಸ್‌ನಲ್ಲಿರುವ ಎಲ್ಲ ಟೇಬಲ್‌ಗಳನ್ನೂ ಪಟ್ಟಿಮಾಡುವುದಿಲ್ಲ, ‘ಗೋಚರ’ವಾದವುಗಳನ್ನು ಮಾತ್ರ ಪಟ್ಟಿಮಾಡುತ್ತದೆ.

ಗೋಚರ ಎಂದರೆ, ಸ್ಕೀಮಾದ (ಡೇಟಾಬೇಸ್‌ನೊಳಗೆ ಟೇಬಲ್‌ಗಳನ್ನು ಗುಂಪುಮಾಡಿಡುವ ವಿಭಾಗದ) ಹೆಸರನ್ನು ಮೊದಲಿಗೆ ಸೇರಿಸದೆ ಬರಿಯ ಹೆಸರಿನಿಂದ ಕರೆದರೂ ಸಿಗುವಂಥದ್ದು. ಯಾವ ಸ್ಕೀಮಾಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ಸರ್ಚ್ ಪಾತ್ ಎಂಬ ಸೆಟ್ಟಿಂಗ್ ನಿರ್ಧರಿಸುತ್ತದೆ. ಆದ್ದರಿಂದ ಮೊದಲು ‘ಶೋ ಸರ್ಚ್_ಪಾತ್’ ಕೊಟ್ಟು ಅದನ್ನು ನೋಡಿಕೊಳ್ಳಿ. ಯಾರೂ ಬದಲಾಯಿಸಿರದಿದ್ದರೆ ಬಳಕೆದಾರರ ಹೆಸರಿನದೇ ಸ್ಕೀಮಾ ಮೊದಲು, ‘ಪಬ್ಲಿಕ್’ ನಂತರ ಇರುತ್ತದೆ. ನಿಮ್ಮ ಟೇಬಲ್ ‘ಮಾರಾಟ’ ಎಂಬ ಮೂರನೆಯ ಸ್ಕೀಮಾದಲ್ಲಿದ್ದರೆ ಅದು ಪಟ್ಟಿಗೆ ಬಾರದು.

ಸ್ಕೀಮಾ ಸರ್ಚ್ ಪಾತ್‌ನಲ್ಲಿದ್ದರಷ್ಟೇ ಸಾಲದು ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಸರ್ಚ್ ಪಾತ್‌ನಲ್ಲಿ ‘ಮಾರಾಟ’, ‘ಲೆಕ್ಕ’ ಎಂಬ ಕ್ರಮವಿದ್ದು, ಎರಡರಲ್ಲೂ ‘ಗ್ರಾಹಕ’ ಎಂಬ ಟೇಬಲ್ ಇದೆ ಎನ್ನೋಣ. ಆಗ ಕ್ರಮದಲ್ಲಿ ಮೊದಲು ಬರುವುದು ನಂತರ ಬರುವುದನ್ನು ಮರೆಮಾಡುವುದರಿಂದ, ಪಟ್ಟಿಯಲ್ಲಿ ‘ಮಾರಾಟ’ದ ಗ್ರಾಹಕ ಮಾತ್ರ ಕಾಣಿಸುತ್ತದೆ. ಅದೇ ಹೆಸರಿನ ತಾತ್ಕಾಲಿಕ ಟೇಬಲ್ ಒಂದನ್ನು ರಚಿಸಿದರೆ ‘ಮಾರಾಟ’ದ ಗ್ರಾಹಕವೂ ಮರೆಯಾಗುತ್ತದೆ, ಏಕೆಂದರೆ ತಾತ್ಕಾಲಿಕ ಟೇಬಲ್‌ಗಳ ಸ್ಕೀಮಾವನ್ನು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಹುಡುಕಲಾಗುತ್ತದೆ. ಫಂಕ್ಷನ್‌ಗಳ (ಹೆಸರಿಟ್ಟು ಕರೆಯುವ ಕೋಡ್ ತುಣುಕುಗಳ) ವಿಷಯದಲ್ಲಿ ಹೆಸರಿನ ಜೊತೆಗೆ ಆರ್ಗ್ಯುಮೆಂಟ್‌ಗಳ (ಅವಕ್ಕೆ ಕೊಡುವ ಮೌಲ್ಯಗಳ) ಟೈಪ್‌ಗಳೂ ಒಂದೇ ಆಗಿದ್ದರೆ ಮಾತ್ರ ಮೊದಲ ಸ್ಕೀಮಾದ್ದು ನಂತರದ ಸ್ಕೀಮಾದ್ದನ್ನು ಮರೆಮಾಡುತ್ತದೆ.

ಇನ್ನು ಎಲ್ಲವನ್ನೂ ನೋಡುವ ಬಗೆ. ಅದೇ ‘ಡಿಟಿ’ ಕಮಾಂಡ್‌ನ ನಂತರ ಒಂದು ಜಾಗ ಬಿಟ್ಟು ‘*.*’ ಎಂದು ಬರೆಯಿರಿ. ನಕ್ಷತ್ರ ಚಿಹ್ನೆ ಎಂದರೆ ‘ಯಾವುದಾದರೂ ಸರಿ’; ಚುಕ್ಕೆಯ ಎಡಭಾಗ ಸ್ಕೀಮಾಕ್ಕೂ ಬಲಭಾಗ ಟೇಬಲ್‌ಗೂ ಅನ್ವಯಿಸುತ್ತದೆ. ಇಲ್ಲಿ ಚುಕ್ಕೆಯೇ ಮುಖ್ಯ: ಚುಕ್ಕೆಯಿಲ್ಲದ ‘ಗ್ರಾಹಕ*’ ಗೋಚರವಾದವುಗಳಲ್ಲಷ್ಟೇ ಹುಡುಕಿದರೆ, ‘*.ಗ್ರಾಹಕ*’ ಎಲ್ಲ ಸ್ಕೀಮಾಗಳಲ್ಲೂ ಹುಡುಕುತ್ತದೆ. ‘*.*’ ಕೊಟ್ಟಾಗ ಡೇಟಾಬೇಸ್ ತನ್ನದೇ ವಿವರಗಳನ್ನು ಇಟ್ಟುಕೊಳ್ಳುವ ಸಿಸ್ಟಂ ಕ್ಯಾಟಲಾಗ್‌ನ ಟೇಬಲ್‌ಗಳೂ ಸೇರಿ ಪಟ್ಟಿ ಉದ್ದವಾಗುವುದರಿಂದ, ಸ್ಕೀಮಾ ಗೊತ್ತಿದ್ದಲ್ಲಿ ‘ಮಾರಾಟ.*’ ಎಂದು ಕೇಳುವುದೇ ಲೇಸು. ಸ್ಕೀಮಾದ ಹೆಸರೇ ಮರೆತಿದ್ದರೆ ಬ್ಯಾಕ್‌ಸ್ಲ್ಯಾಷ್ ‘ಡಿಎನ್’ ಅವುಗಳ ಪಟ್ಟಿ ಕೊಡುತ್ತದೆ.

ಪಟ್ಟಿಯಲ್ಲಿ ಕಂಡ ಮಾತ್ರಕ್ಕೆ ಟೇಬಲ್ ಓದುವ ಅನುಮತಿ ಇದೆ ಎಂದು ಭಾವಿಸಬಾರದು. ಅನುಮತಿಯಿಲ್ಲದ ಟೇಬಲ್‌ಗಳ ಹೆಸರನ್ನೂ ‘*.*’ ತೋರಿಸುತ್ತದೆ. ಆದರೆ ಸ್ಕೀಮಾದ ಮೇಲೆಯೇ ಬಳಕೆಯ ಅನುಮತಿ ಇಲ್ಲದಿದ್ದರೆ, ಸರ್ಚ್ ಪಾತ್‌ನಲ್ಲಿ ಅದರ ಹೆಸರಿದ್ದರೂ ಹುಡುಕುವಾಗ ಅದನ್ನು ಕೈಬಿಡಲಾಗುತ್ತದೆ.

ಟೇಬಲ್ ಸಿಕ್ಕ ಮೇಲೆ ‘ಸೆಟ್ ಸರ್ಚ್_ಪಾತ್’ ಮೂಲಕ ಅದರ ಸ್ಕೀಮಾವನ್ನು ಸೇರಿಸಿಕೊಳ್ಳಬಹುದು, ಆದರೆ ಆ ಬದಲಾವಣೆ ಆ ಸೆಷನ್ ಮುಗಿಯುವವರೆಗೆ ಮಾತ್ರ. ಪ್ರತಿ ಲಾಗಿನ್‌ನಲ್ಲೂ ಅದು ಉಳಿಯಬೇಕಾದರೆ ‘ಆಲ್ಟರ್ ರೋಲ್’ ಬಳಸಬೇಕು. ಅದು ಜಾರಿಗೆ ಬರುವುದು ಮುಂದಿನ ಲಾಗಿನ್‌ನಿಂದ.