ನಿಧಾನ ಓಟದಲ್ಲೂ 175 ತೋರಿಸುತ್ತಿದ್ದ ಹೃದಯ ಬಡಿತ: ಸರಿಪಡಿಸಿದ ಬಗೆ

ಮ್ಯಾರಥಾನ್ ತಯಾರಿಯ ನಿಧಾನ ಓಟಗಳಲ್ಲಿ, ಸರಾಗವಾಗಿ ಮಾತನಾಡುವಷ್ಟು ಉಸಿರಿದ್ದರೂ, ವಾಚ್ ನಿಮಿಷಕ್ಕೆ 175ರ ಆಸುಪಾಸಿನ ಬಡಿತ ತೋರಿಸುತ್ತಿತ್ತು. ವೇಗ ತಗ್ಗಿಸಿದರೂ, ಪಟ್ಟಿ ಬಿಗಿಗೊಳಿಸಿದರೂ, ಕೈ ಬದಲಿಸಿದರೂ ಅದು ಇಳಿಯಲಿಲ್ಲ. ಓಟದ ದಾಖಲೆಯಲ್ಲಿ ಬಡಿತದ ರೇಖೆಯನ್ನು ಹೆಜ್ಜೆಗಳ ರೇಖೆಯ ಪಕ್ಕದಲ್ಲಿಟ್ಟು ನೋಡಿದಾಗ ಕಾರಣ ತಿಳಿಯಿತು: ಮಣಿಕಟ್ಟಿನ ಸೆನ್ಸರ್ ನಾಡಿಯ ಬದಲು ಹೆಜ್ಜೆಯ ಲಯವನ್ನೇ ಎಣಿಸುತ್ತಿತ್ತು.

ಪರಿಹಾರ ದೊರೆತದ್ದು ಚೆಸ್ಟ್ ಸ್ಟ್ರ್ಯಾಪ್‌ನಿಂದ, ಅಂದರೆ ಎದೆಗೆ ಕಟ್ಟಿಕೊಂಡು ಬಡಿತ ಅಳೆಯುವ ಪಟ್ಟಿಯಿಂದ. ಅದರ ಎಲೆಕ್ಟ್ರೋಡ್‌ಗಳನ್ನು ನೀರಿನಲ್ಲಿ ಚೆನ್ನಾಗಿ ಒದ್ದೆ ಮಾಡಿ (ಒಣಗಿದ್ದರೆ ಮೊದಲ ಕೆಲವು ನಿಮಿಷಗಳ ಅಂಕಿಗಳನ್ನು ನಂಬುವಂತಿಲ್ಲ), ಎದೆಯ ಸ್ನಾಯುಗಳ ಕೆಳಗೆ ಚರ್ಮಕ್ಕೆ ಅಂಟುವಂತೆ ಕಟ್ಟಿ, ವಾಚ್‌ನ ಸೆನ್ಸರ್ ಸೆಟ್ಟಿಂಗ್‌ನಲ್ಲಿ ಜೋಡಿಸಿ, ಬಡಿತ ಸ್ಥಿರವಾಗಿ ಕಾಣಿಸಿದ ಮೇಲೆಯೇ ಓಟ ಆರಂಭಿಸಬೇಕು. ಆನಂತರ ಬಡಿತದ ವಲಯಗಳನ್ನೂ (ಓಟದ ತೀವ್ರತೆಗೆ ತಕ್ಕ ಬಡಿತದ ಮಿತಿಗಳನ್ನು) ಬದಲಿಸಿದೆ. ಗರಿಷ್ಠ ಬಡಿತ 186ರಿಂದ ವಿಶ್ರಾಂತಿಯ ಬಡಿತ 56ನ್ನು ಕಳೆದರೆ 130. ಅದರ ಶೇ 60ರಿಂದ 70ಕ್ಕೆ 56ನ್ನು ಮರಳಿ ಕೂಡಿಸಿದಾಗ ನಿಧಾನ ಓಟದ ಮಿತಿ 134ರಿಂದ 147 ಎಂದು ನಿಗದಿಯಾಯಿತು.